ಫಕ್ಕೀರವ್ವನ ಇನ್ನೂರ ಹದಿನಾಲ್ಕು ದೂರುಗಳು

ಉಪ್ಪುಕಾಲ ನೂರ ಹದಿನೆಂಟು, ಹತ್ತನೆಯ ತಿಂಗಳ ಮೂವತ್ತೈದನೆಯ ದಿನ, ಮಧ್ಯಾಹ್ನ
ಕಳಚುಮನೆ, ದೊಡ್ಡ ದ್ವೀಪದ ಒಣ ಮಗ್ಗುಲು, ಹವಾಯಿ

ಫಕ್ಕೀರವ್ವ ದೊಡ್ಡವ್ವನವರಿಗೆ, ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದಿರುವ ಗೌರವ್ವ ಮಕಾನಿ ಮಾಡುವ ಶರಣು.

ಮೇಲಿನ ತಾರೀಖು ಕೇಳಿ ನೀವು ನಕ್ಕಿರುತ್ತೀರಿ. ಮೂವತ್ತೈದನೆಯ ದಿನ ಎಲ್ಲಿಂದ ಬಂತು ಎಂದು ಕೇಳಿದರೆ, ನಮ್ಮ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತೇ ತಿಂಗಳು. ಉಳಿದ ಐದು ದಿನಗಳನ್ನು ‘ಯಾರದೂ ಅಲ್ಲದ ದಿನಗಳು’ ಎನ್ನುತ್ತೇವೆ, ಆಗ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ಸಮುದ್ರ ಏರಿ ಕರಾವಳಿಯ ಬಾವಿಗಳೆಲ್ಲ ಉಪ್ಪಾದ ವರ್ಷದಿಂದ ಲೆಕ್ಕ ಹಿಡಿದಿರುವುದರಿಂದ ಇದು ಉಪ್ಪುಕಾಲ. ನಿಮ್ಮ ಲೆಕ್ಕದಲ್ಲಿ ಇನ್ನೂರು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಬರೆಯುವ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತೆ, ಆಡುವ ಕನ್ನಡವನ್ನು ನಿಮ್ಮೊಬ್ಬರಿಂದಲೇ ಕಲಿತೆ. ಹಾಗಾಗಿ ಕಾಗದದಲ್ಲಿ ನಾನು ಬಹಳ ಗಂಭೀರ, ಬಾಯಿ ತೆರೆದರೆ ನಿಮ್ಮ ಹಾಗೆಯೇ ಗಯ್ಯಾಳಿ.

ನಿಮಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತು. ನೀವೇ ಹೇಳಿದ್ದೀರಿ. ಆದ್ದರಿಂದ ಈ ಕಾಗದವನ್ನು ದಿನವೂ ಬೆಳಿಗ್ಗೆ ರೊಟ್ಟಿ ಒಯ್ಯಲು ಬರುವ ಹಸೀನಾಬಾನು ಓದಿ ಹೇಳುತ್ತಿದ್ದಾಳೆ ಎಂದುಕೊಂಡು ಬರೆಯುತ್ತೇನೆ. ಹಸೀನಾ, ನಿನಗೂ ನನ್ನ ನಮಸ್ಕಾರ. ನೀನು ನಡುನಡುವೆ ನಗುವುದನ್ನು ನಾವು ಹದಿನೇಳು ಸಲ ಕೇಳಿದ್ದೇವೆ.

ಮೊದಲು ನಮ್ಮ ಜಾಗದ ವಿಷಯ ಹೇಳಬೇಕು. ಈ ದ್ವೀಪದ ಒಂದು ಮಗ್ಗುಲಿಗೆ ಮಳೆ ಸುರಿದರೆ ಇನ್ನೊಂದು ಮಗ್ಗುಲು ಒಣಗಿ ನಿಲ್ಲುತ್ತದೆ. ಆ ಒಣ ಮಗ್ಗುಲಿನಲ್ಲಿ, ಬೆಂಕಿಬೆಟ್ಟದ ಕರಿಕಲ್ಲು ಪುಡಿಯಾಗಿ ಮಣ್ಣಾದ ಕಡೆ, ನಮ್ಮ ಮುತ್ತಜ್ಜಂದಿರು ಬಿಳಿಜೋಳ ಬಿತ್ತಲು ಬಂದರು. ಅದಕ್ಕೂ ಮುಂಚೆ ಐರ್ಲೆಂಡಿನ ಪಡುವಣ ದಂಡೆಯವರು ಬಂದಿದ್ದರು, ಅವರ ಹಳ್ಳಿಗಳ ಮೇಲೆ ಕಡಲು ಕೂತುಬಿಟ್ಟಿತ್ತು. ಈ ನೆಲದ ಹವಾಯಿ ಜನ ಇಬ್ಬರಿಗೂ ಜಾಗ ಕೊಟ್ಟರು. ಕೊಡುವಾಗ ಒಂದೇ ಮಾತು ಕೇಳಿದರಂತೆ: ನಿಮ್ಮ ಮಾತನ್ನು ಬಂದರಿನಲ್ಲೇ ಬಿಟ್ಟು ಬರಬೇಡಿ, ನಾವು ಒಮ್ಮೆ ಕಳೆದುಕೊಂಡು ಹುಡುಕಿದವರು, ಆ ಸಂಕಟ ಬೇಡ. ನಮ್ಮವರು ತಲೆಯಾಡಿಸಿ ಒಪ್ಪಿದರು. ಆಮೇಲೆ ಎರಡೇ ತಲೆಮಾರಿನಲ್ಲಿ ಮಾತನ್ನು ಚೆನ್ನಾಗಿ ಕಳೆದರು.

ಕಳೆದದ್ದು ಹೇಗೆಂದರೆ, ಒಳಗಿವಿಯಿಂದ. ಒಳಗಿವಿ ಎಂದರೆ ಕಿವಿಯ ಹಿಂದೆ ಚರ್ಮಕ್ಕೆ ಅಂಟಿಸಿಕೊಳ್ಳುವ ಅಕ್ಕಿಕಾಳಿನಷ್ಟು ಯಂತ್ರ. ಯಾರು ಯಾವ ಭಾಷೆಯಲ್ಲಿ ಆಡಿದರೂ ನಿಮಗೆ ನಿಮ್ಮ ಭಾಷೆಯಲ್ಲೇ ಕೇಳಿಸುತ್ತದೆ. ಅದನ್ನು ಬೈಯಲು ನನಗೆ ಮನಸ್ಸಿಲ್ಲ. ವೈದ್ಯರ ಮುಂದೆ, ಬಂದರಿನಲ್ಲಿ, ಗುರುತಿಲ್ಲದವರ ನಡುವೆ ಅದು ಎಷ್ಟು ಜನರ ಜೀವ ಉಳಿಸಿದೆಯೋ. ಆದರೆ ಅದು ಎಲ್ಲರ ಮಾತನ್ನೂ ಒಂದೇ ಮೆತ್ತನೆಯ ದನಿಯಲ್ಲಿ ಹೇಳುತ್ತದೆ, ಸಿಟ್ಟನ್ನು ಸೋಸಿ ಹೇಳುತ್ತದೆ. ನಾವು ಅರ್ಧ ಗುನುಗಿದರೆ ಉಳಿದರ್ಧವನ್ನು ಅದೇ ಪೂರೈಸುತ್ತದೆ. ಬರಬರುತ್ತ ಜನ ಬರೀ ಗುನುಗತೊಡಗಿದರು. ನನ್ನ ಅವ್ವನ ನಿಜವಾದ ದನಿ ದಪ್ಪವೋ ತೆಳುವೋ ಎಂಬುದು ನಲವತ್ತು ವರ್ಷ ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ?

ನಿಮಗಿಂತ ಹಿಂದೆ ಐರ್ಲೆಂಡಿನ ಶಾಲೆಗಳಲ್ಲಿ ಮಕ್ಕಳ ಕೊರಳಿಗೆ ಕೋಲು ಕಟ್ಟುತ್ತಿದ್ದರು. ಮನೆಮಾತು ಆಡಿದಾಗಲೆಲ್ಲ ಕೋಲಿಗೆ ಒಂದು ಗೀರು, ಕೊನೆಗೆ ಗೀರಿಗೊಂದು ಪೆಟ್ಟು. ಹವಾಯಿಯಲ್ಲಿ ಶಾಲೆಯಿಂದಲೇ ಮನೆಮಾತನ್ನು ಹೊರಗೆ ಹಾಕುವ ಕಾನೂನು ಬಂತು. ಆದರೂ ಅಜ್ಜಿಯರು ಅಡುಗೆಮನೆಯಲ್ಲಿ ಹಟ ಹಿಡಿದು ಆಡಿದರು, ಹೊಡೆತ ತಿಂದದ್ದು ಹೇಗೋ ಉಳಿಯಿತು. ಒಳಗಿವಿ ಯಾರನ್ನೂ ಹೊಡೆಯಲಿಲ್ಲ, ಯಾರನ್ನೂ ತಡೆಯಲಿಲ್ಲ. ಎಲ್ಲರಿಗೂ ಎಲ್ಲವೂ ತಿಳಿಯುವಾಗ ಕಲಿಯುವುದೇಕೆ ಎಂದು ಜನ ನಗುನಗುತ್ತಲೇ ಬಿಟ್ಟರು. ಕೋಲಿನಿಂದ ಆಗದ್ದು ಸಕ್ಕರೆಯಿಂದ ಆಯಿತು.

ಕಳಚುಮನೆ ಹುಟ್ಟಿದ್ದು ಅದಕ್ಕೇ. ನೀವು ಚಪ್ಪಲಿ ಬಿಟ್ಟು ಒಳಗೆ ಬರುವ ಹಾಗೆ, ನಾವು ಇಲ್ಲಿ ಹೊಸ್ತಿಲ ಹೊರಗೆ ಚಪ್ಪಲಿಯನ್ನೂ ಬಿಡುತ್ತೇವೆ, ಒಳಗಿವಿಯನ್ನೂ ಬಿಡುತ್ತೇವೆ. ಒಳಗೆ ಮೂರು ಕೋಣೆ, ಮೂರು ಮಾತು. ಐರಿಶ್ ಕೋಣೆಯಲ್ಲಿ ದೇವರು ನಿನ್ನೊಡನಿರಲಿ ಎಂದು ಒಬ್ಬರು ಹೇಳಿದರೆ, ದೇವರೂ ಮೇರಿಯಮ್ಮನೂ ನಿನ್ನೊಡನಿರಲಿ ಎಂದು ಒಂದು ಹೆಚ್ಚಿಗೆ ಸೇರಿಸಿ ಹಿಂದಿರುಗಿಸಬೇಕು. ಹತ್ತು ಜನ ಸಾಲಾಗಿ ಬಂದರೆ ಊಟ ತಣ್ಣಗಾಗುತ್ತದೆ. ಹವಾಯಿ ಕೋಣೆಯಲ್ಲಿ ಊಟದ ನಡುವೆ ಕೆಸುವಿನ ಗಡ್ಡೆ ಜಜ್ಜಿ ಮಾಡಿದ ಪೋಯಿಯ ಬಟ್ಟಲು ಇರುತ್ತದೆ. ಆ ಗಿಡ ಅವರಿಗೆ ಹಿರಿಯಣ್ಣ. ಬಟ್ಟಲಿನ ಮುಚ್ಚಳ ತೆಗೆದಿರುವಾಗ ಅಣ್ಣನೆದುರು ಯಾರೂ ಜಗಳ ಆಡಬಾರದು.

ಇನ್ನು ಕನ್ನಡದ ಕೋಣೆ. ಅಲ್ಲಿ ಇರುವುದು ನೀವೇ.

ನಮ್ಮ ಹಿರಿಯರು ಹುಡುಕಿದಾಗ ಕನ್ನಡದಲ್ಲಿ ಪುಸ್ತಕ ಬೇಕಾದಷ್ಟಿದ್ದವು. ನಿಮಗಿಂತ ಸ್ವಲ್ಪ ಮೊದಲಿನ ಕಂಪ್ಯೂಟರುಗಳಿಗೆ ನಮ್ಮ ಒತ್ತಕ್ಷರ ಜೀರ್ಣವಾಗುತ್ತಿರಲಿಲ್ಲವಂತೆ. ಗಂಟಲಲ್ಲಿ ಉಸಿರು ತಡೆದು ಆಡುವ ದನಿಗೆ ಹವಾಯಿಯವರು ಹಾಕುವ ಸಣ್ಣ ಗುರುತನ್ನೂ, ಐರಿಶರ ಹಳೆಯ ಚುಕ್ಕೆ ಅಕ್ಷರಗಳನ್ನೂ ಅವು ಹಾಗೆಯೇ ಗೋಳಾಡಿಸಿದ್ದವು. ಪುಣ್ಯಾತ್ಮರು ಯಾರೋ ಕೂತು ಅದನ್ನೆಲ್ಲ ಸರಿಮಾಡಿದ್ದರು, ಹಾಗಾಗಿ ಓದುವುದು ಉಳಿದಿತ್ತು. ಆಡುವುದು ಮಾತ್ರ ಉಳಿದಿರಲಿಲ್ಲ. ಸಿಕ್ಕ ಹಳೆಯ ದನಿಗಳನ್ನೆಲ್ಲ ಯಂತ್ರಗಳು ತೊಳೆದು ಇಸ್ತ್ರಿ ಹಾಕಿ ಒಂದೇ ಮಾಡಿಬಿಟ್ಟಿದ್ದವು. ಆಗ ಒಂದು ಹಳೆಯ ಉಗ್ರಾಣದಲ್ಲಿ ಯಾರೂ ಮುಟ್ಟದ ಇನ್ನೂರ ಹದಿನಾಲ್ಕು ದನಿತುಣುಕುಗಳು ಸಿಕ್ಕವು. ಎಲ್ಲವೂ ಒಬ್ಬ ಹೆಂಗಸಿನವು. ಪ್ರತಿಯೊಂದರಲ್ಲೂ ಹಿಂದೆ ಟಪ ಟಪ ಎಂದು ರೊಟ್ಟಿ ಬಡಿಯುವ ಸದ್ದು. ಕೈ ಹಿಟ್ಟಾಗಿದ್ದರಿಂದ ನೀವು ಬೆರಳಿನ ಗೆಣ್ಣಿನಿಂದ ಫೋನು ಒತ್ತಿ, ಮಾತನ್ನು ತುಂಬಿ ಕಳಿಸುತ್ತಿದ್ದಿರಿ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ನಾವು ನಿಮ್ಮನ್ನು ದೊಡ್ಡ ಪಂಡಿತೆ ಎಂದುಕೊಂಡೆವು, ದೊಡ್ಡವ್ವ! ‘ನೀಲಿ’ ಎಂಬ ಶಿಷ್ಯೆಗೆ ನೀವು ಮಾಡಿದ ಪಾಠಗಳು ಇವು ಎಂದು ತೀರ್ಮಾನಿಸಿದೆವು. ನೀವು ತಂಗಿ ಎಂದದ್ದನ್ನೂ, ಆಡಿದ ಜಗಳವನ್ನೂ ಪಾಠಕ್ಕಾಗಿ ಕಟ್ಟಿದ ಕತೆ ಎಂದುಕೊಂಡೆವು. ಮೂರು ತಲೆಮಾರಿನಿಂದ ಕಳಚುಮನೆಯಲ್ಲಿ ಕನ್ನಡ ಕಲಿಯುವವರನ್ನೆಲ್ಲ ನೀಲಿ ಎಂದೇ ಕರೆಯುತ್ತೇವೆ. ಗಡ್ಡದವರೂ ನೀಲಿಯೇ. ಮೊದಲನೆಯ ತುಣುಕು ಮೊದಲನೆಯ ಪಾಠವಾಯಿತು. ಅದು ಹೀಗಿದೆ: “ಒಂಬತ್ತ ದಿನಾ ಆತು, ನಳಾ ಬಂದಿಲ್ಲ. ನೀವೇನು ಮನಶ್ಯಾರೋ ಏನು ದನಗೋಳೋ?” ಇದು ಗೌರವದ ಸ್ವಾಗತವಾಕ್ಯ ಎಂದು ನಂಬಿ, ಬಂದ ಅತಿಥಿಗಳಿಗೆಲ್ಲ ಕೈಮುಗಿದು ಇದನ್ನೇ ಹೇಳುತ್ತಿದ್ದೆವು. ಒಲೆಯ ಹೊಗೆಗೆ ನೀವು ಕೆಮ್ಮುತ್ತಿದ್ದಿರಲ್ಲ, ಅದನ್ನೂ ಬಿಡಲಿಲ್ಲ. “ಕೇಳಿಲ್ಲೆ, ನೀಲೀ” ಎಂದ ಮೇಲೆ ಎರಡು ಸಲ ಕೆಮ್ಮದಿದ್ದರೆ ನಮ್ಮಲ್ಲಿ ಪರೀಕ್ಷೆ ಪಾಸಾಗುತ್ತಿರಲಿಲ್ಲ. ನಾನೇ ಎಷ್ಟು ಜನರನ್ನು ಫೇಲು ಮಾಡಿದ್ದೇನೋ, ಶಿವನೇ!

ನಿಜ ಗೊತ್ತಾದದ್ದು ಈ ವರ್ಷ. ದನಿಗಳ ಮೇಲಿದ್ದ ಲಕೋಟೆ, ಎಂದರೆ ಯಾರಿಂದ ಯಾರಿಗೆ ಎಂಬ ವಿವರ, ಬೇರೊಂದು ಉಗ್ರಾಣದಲ್ಲಿ ಸಿಕ್ಕಿತು. ಓದಿದವಳು ನಾನೇ.

ನಿಮ್ಮೂರಿನಲ್ಲಿ ನಳ ಬಾರದೆ ಒಂಬತ್ತು ದಿನವಾದಾಗ, ಹಸೀನಾಬಾನು ನಿಮ್ಮ ಫೋನಿನಲ್ಲಿ ನೀರಿನ ಕಚೇರಿಯ ದೂರಿನ ನಂಬರು ಹಾಕಿಕೊಟ್ಟಳು. ಮತ್ತೆ ಸುಲಭವಾಗಿ ಸಿಗಲಿ ಎಂದು ಒಳ್ಳೆಯ ಮನಸ್ಸಿನಿಂದ ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಅದುವರೆಗೆ ಮೇಲೆ ಇದ್ದದ್ದು ನೀವು ನೀಲಿ ಎನ್ನುವ ನಿಮ್ಮ ತಂಗಿ ನೀಲವ್ವನ ನಂಬರು. ನೀವು ಅಕ್ಷರ ನೋಡಿ ಒತ್ತುವವರಲ್ಲ, ಜಾಗ ನೋಡಿ ಒತ್ತುವವರು. ಎರಡನೆಯ ತುಣುಕಿನಿಂದ ಇನ್ನೂರ ಹದಿನಾಲ್ಕನೆಯದರವರೆಗೆ ತಂಗಿಗೆ ಆಡಿದ ಮಾತೆಲ್ಲ ನೀರಿನ ಕಚೇರಿಗೆ ಹೋಗಿದೆ, ದೊಡ್ಡವ್ವ. ಪ್ರತಿಯೊಂದಕ್ಕೂ ಅಲ್ಲಿನ ಯಂತ್ರ “ನಿಮ್ಮ ದೂರು ದಾಖಲಾಗಿದೆ” ಎಂದು ಬರೆದು ಕಳಿಸಿದೆ. ನೀವು ಅದು ತಂಗಿಯ ಉತ್ತರ ಎಂದುಕೊಂಡು, ಮನೆಯ ಜಗಳ ಹೊರಗಿನವರಿಗೇಕೆ ಎಂದು ಹಸೀನಾಗೂ ತೋರಿಸದೆ, “ಏನ್ ಬರದ್ ಕಳಸ್ತೀಯವಾ, ನನಗ ಓದಾಕ ಬರಂಗಿಲ್ಲಂತ ನಿನಗ ಗೊತ್ತಿಲ್ಲೇನು? ಬಾಯಿಲೆ ಮಾತಾಡಲಾ!” ಎಂದು ಬೈದಿದ್ದೀರಿ. ಅದೂ ದಾಖಲಾಗಿದೆ. ಬಗೆಹರಿಯದ ದೂರನ್ನು ಅಳಿಸಬಾರದೆಂಬ ನಿಯಮ ಇದ್ದದ್ದರಿಂದಲೇ ಇವು ಉಳಿದವು. ಇನ್ನೂರ ಹದಿನಾಲ್ಕರಲ್ಲಿ ಒಂದೂ ಬಗೆಹರಿದಿಲ್ಲ.

ನಮ್ಮ ಪದ್ಧತಿಯಲ್ಲಿ ವರ್ಷದ ಕೊನೆಗೆ, ಯಾರದೂ ಅಲ್ಲದ ದಿನಗಳು ಶುರುವಾಗುವ ಮೊದಲು, ತನಗೆ ಮಾತು ಕಲಿಸಿದ ಹಿಂದಿನವರಿಗೆ ಪ್ರತಿಯೊಬ್ಬರೂ ಒಂದು ಕಾಗದ ಬರೆಯಬೇಕು. ಬರೆದು, ಗಟ್ಟಿಯಾಗಿ ಓದಿ, ಹೊಸ್ತಿಲ ಕೆಳಗಿನ ಕರಿಕಲ್ಲಿನ ಪೊಟರೆಯಲ್ಲಿ ಇಡಬೇಕು. ಹೋಗಿ ಮುಟ್ಟುತ್ತದೆಯೇ ಎಂದು ಕೇಳಬಾರದು. ಮುಟ್ಟುತ್ತದೆ ಎಂದೇ ಬರೆಯಬೇಕು. ಇನ್ನೊಂದು ಕಟ್ಟುಪಾಡು ಇದೆ. ಕಾಗದದಲ್ಲಿ ಉಪಕಾರ ಸ್ಮರಿಸಬಹುದು, ಹಿಂದಿನವರನ್ನು ಏನೂ ಕೇಳಬಾರದು. ಅವರು ಒಂದು ಹೆಜ್ಜೆ ಬೇರೆ ಇಟ್ಟರೂ ನಮಗೆ ಬಂದದ್ದು ಬಾರದೆ ಹೋಗಬಹುದಲ್ಲ, ಅದಕ್ಕೆ. ಮೂವತ್ತು ವರ್ಷ ಈ ಕಟ್ಟುಪಾಡು ಮುರಿದವಳಲ್ಲ ನಾನು. ಇವತ್ತು ಮುರಿಯುತ್ತೇನೆ ಎಂದು ಊಟದ ಹೊತ್ತಿಗೆ ಹೇಳಿದೆ.

ಐರಿಶ್ ಕೋಣೆಯ ಮರೇದ್ ನನ್ನ ಗೆಳತಿ, ನನ್ನ ಹತ್ತಿರವೇ ಕನ್ನಡ ಕಲಿತವಳು. ಪೋಯಿ ಬಟ್ಟಲು ತೆರೆದಿತ್ತು. ಅವಳು ಫಟ್ಟನೆ ಮುಚ್ಚಳ ಹಾಕಿದಳು. ಮುಚ್ಚಳ ಹಾಕಿದರೆ ಜಗಳಕ್ಕೆ ಅಡ್ಡಿಯಿಲ್ಲ ನೋಡಿ.

“ಯವ್ವಾ, ತಲಿ ಗಿಲಿ ಕೆಟ್ಟೈತೇನು ನಿನಗ? ಅಕಿಗೆ ಹೇಳಿದಿ ಅಂದ್ರ ಅಕಿ ಆವತ್ತ ತಂಗಿಗೆ ಫೋನ್ ಹಚ್ತಾಳ. ಆಮ್ಯಾಲ ಇಲ್ಲೆ ಯಾಕ ಮಾತಾಡ್ತಾಳ? ನಮಗೇನು ಉಳೀತೈತಿ, ಮಣ್ಣು?” ಎಂದಳು. ಕೆಂಪುಕೂದಲಿನ ಐರಿಶ್ ಹೆಂಗಸು ಸೊಂಟಕ್ಕೆ ಕೈಯಿಟ್ಟು ಥೇಟು ನಿಮ್ಮ ದನಿಯಲ್ಲಿ ಬೈಯುವುದನ್ನು ನೀವು ನೋಡಬೇಕಿತ್ತು.

ಅವಳ ಮಾತು ತಪ್ಪಲ್ಲ. ನಿಮ್ಮ ಜಗಳ ನಮಗೆಲ್ಲ ಬಾಯಿಪಾಠ. ನಿಮ್ಮವ್ವನ ತಿಥಿಯ ದಿನ ಸೋಲಾಪುರದಿಂದ ಬಂದ ನೀಲವ್ವನ ಮಕ್ಕಳು ತಮ್ಮತಮ್ಮಲ್ಲಿ ಮರಾಠಿ ಆಡಿದರು. ನೀವು ಪಂಕ್ತಿಯ ನಡುವೆಯೇ, ಹಡೆದವ್ವನ ಮಾತು ಮಕ್ಕಳಿಗೆ ಕಲಿಸದ ನೀನೆಂಥಾ ಮಗಳು ಎಂದುಬಿಟ್ಟಿರಿ. ನೀಲವ್ವ ಎಲೆ ಬಿಟ್ಟು ಎದ್ದು ಹೋದಳು. ಎರಡರಿಂದ ಅರವತ್ತರವರೆಗಿನ ತುಣುಕುಗಳಲ್ಲಿ ನೀವು ನಿಮ್ಮದೇ ಸರಿ ಎಂದು ಜಗ್ಗಾಡಿದ್ದೀರಿ. ಅರವತ್ತೊಂದರಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. “ನೀಲೀ, ತಪ್ಪಾತವಾ. ಮಂದಿ ಮುಂದ ಹಂಗ ಅನ್ನಬಾರದಿತ್ತು. ಅವು ಯಾವ ಮಾತು ಆಡಿದ್ರೇನು, ನನ್ನ ತಂಗೀ ಮಕ್ಕಳಲ್ಲೇನು? ಸೊಕ್ಕಿಲೆ ಅಂದೆ. ಹೊಟ್ಟಿಗೆ ಹಾಕ್ಕೋ.” ಈ ಮಾತೂ ನೀರಿನ ಕಚೇರಿಗೇ ಹೋಯಿತು. ಅಲ್ಲಿಂದ ಮುಂದಿನ ನೂರ ಐವತ್ಮೂರು ತುಣುಕುಗಳು, ತಂಗಿ ಕ್ಷಮಿಸಲಿಲ್ಲ ಎಂದುಕೊಂಡು ನೀವು ಆಡಿದ ಮಾತುಗಳು. ನಮ್ಮ ಕನ್ನಡದ ಹೆಚ್ಚಿನ ಪಾಲು ಅದರಲ್ಲೇ ಇದೆ. ಮುದ್ದು ಮಾಡುವುದು, ರಮಿಸುವುದು, ಹಳೆಯದನ್ನು ನೆನೆದು ನಗುವುದು, ಚಟ್ನಿಪುಡಿಯ ಹದ ಹೇಳುವುದು, ಎಲ್ಲವೂ ಅರವತ್ತೊಂದರ ಆಚೆಗೇ. ಅವಳು ‘ಹೂಂ’ ಅಂದಿದ್ದರೆ ನೀವು ಅಷ್ಟೆಲ್ಲ ಆಡುತ್ತಿರಲಿಲ್ಲ. ನಿಮ್ಮ ಸಂಕಟದಿಂದ ನಮ್ಮ ಶಾಲೆ ನಡೆದಿದೆ.

ಹವಾಯಿ ಕೋಣೆಯ ಕವಿಕಾ ನಮ್ಮೆಲ್ಲರಿಗೂ ಹಿರಿಯರು, ಎಂಬತ್ತು ದಾಟಿದ ಮನುಷ್ಯ. ಅವರೂ ಕನ್ನಡ ಕಲಿತ ನೀಲಿಯೇ. “ಮುಚ್ಚಳಾ ತಗೀರಿ, ಹಸಿವ್ಯಾಗೈತಿ” ಎಂದರು ಮೊದಲು. ತೆಗೆದೆವು. ಎರಡು ಬೆರಳು ಪೋಯಿಯಲ್ಲಿ ಅದ್ದಿ ತಿಂದು, ನಿಧಾನವಾಗಿ ಹೇಳಿದರು: “ನಮಗ ಮಾತು ಕಲಿಸಿದ ಅಜ್ಜನ ದನಿಯೊಳಗ, ಅವನ ಬಾಜೂಕ ಕುಂತು ಒಬ್ಬ ಮೊಮ್ಮಗಳು ಹೂಂ ಹೂಂ ಅಂತಿರ್ತಾಳ. ಮರೇದ್‌ನ ಕೋಣೀ ದನಿಯೊಳಗ ಅಜ್ಜಿ ಜೋಡಿ ಅಕಿ ಗೆಣತಿ ನಗತಾಳ. ನಿಮ್ಮ ಫಕ್ಕೀರವ್ವಗ ಒಬ್ಬರೂ ಹೂಂ ಅಂದಿಲ್ಲ. ನಾವು ಮಾತು ಉಳಸೂದು ಪೆಟಿಗ್ಯಾಗ ಇಡಾಕಲ್ಲ. ಯಾರಿಗೆ ಆಡಿದ್ರೋ ಅವರಿಗೆ ಮುಟ್ಟಬೇಕದು.”

ಮರೇದ್ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಕಣ್ಣು ಒರೆಸಿಕೊಂಡು, “ಬರಿ ಹಂಗಂದ್ರ” ಎಂದಳು. ಎಂದ ಮೇಲೆ ಅಭ್ಯಾಸಬಲದಿಂದ ಎರಡು ಸಲ ಕೆಮ್ಮಿದಳು.

ಅದನ್ನು ಬರೆಯುವ ಮುಂಚೆ ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನೂರ ಎಪ್ಪತ್ತೇಳನೆಯ ತುಣುಕು ನನ್ನದು. ಅಂದರೆ ಅದರ ಮೇಲೆ ನನಗೆ ಹಕ್ಕಿದೆ ಎಂದಲ್ಲ, ಆದರೂ ನನ್ನದು. ಅದರಲ್ಲಿ ನೀವು ದಣಿದಿದ್ದೀರಿ. “ಮಾತಾಡಬ್ಯಾಡ, ಹೋಗ್ಲಿ. ಉಂಡೀಯೋ ಇಲ್ಲೋ ಅಷ್ಟರ ಹೇಳು. ಉಂಡೆ ಅಂದ್ರ ಸಾಕು, ನಾ ಸುಮ್ನಾಗ್ತೀನಿ.” ನನ್ನ ಅವ್ವ ಕೊನೆಗಾಲದಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳನ್ನು ಈ ಮನೆಗೆ ಎತ್ತಿಕೊಂಡು ಬಂದೆವು. ಹೊಸ್ತಿಲಲ್ಲಿ ಅವಳ ಒಳಗಿವಿಯನ್ನು ನಾನೇ ಕಳಚಿದೆ, ನನ್ನದನ್ನೂ ಕಳಚಿದೆ. ಏನು ಕೇಳಬೇಕೋ ತಿಳಿಯದೆ ನಿಮ್ಮ ಮಾತನ್ನೇ ಕೇಳಿದೆ. ಅವಳು ಚಿಕ್ಕವಳಿದ್ದಾಗ ಅವಳಜ್ಜಿಯ ಬಾಯಲ್ಲಿ ಇದೇ ಮಾತು ಕೇಳಿದ್ದಳೋ ಏನೋ, ನನ್ನ ಮುಖ ನೋಡಿ, “ಉಂಡೆ” ಎಂದಳು. ದಪ್ಪ ದನಿ ಅವಳದು, ದೊಡ್ಡವ್ವ. ಗಂಡಸಿನ ಹಾಗೆ ದಪ್ಪ ದನಿ. ನನ್ನ ಅವ್ವ ನನಗೆ ಯಂತ್ರವಿಲ್ಲದೆ ಆಡಿದ್ದು ಆ ಒಂದೇ ಮಾತು. ಅದಕ್ಕೆ ನಿಮಗೆ ಎಷ್ಟು ಕೈಮುಗಿದರೂ ನನಗೆ ಸಾಲದು.

ಈ ಕಾಗದ ನಿಮಗೆ ಅರವತ್ತೊಂದನೆಯ ತುಣುಕಿನ ದಿನ ಮುಟ್ಟಿದರೆ ನೂರ ಎಪ್ಪತ್ತೇಳು ಇರುವುದಿಲ್ಲ. ನಾನು ಅವ್ವನನ್ನು ಏನೆಂದು ಕೇಳುತ್ತಿದ್ದೆನೋ, ಅವಳು ಏನನ್ನೂ ಹೇಳದೆ ಹೋಗುತ್ತಿದ್ದಳೋ ಏನೋ. ಅದನ್ನೆಲ್ಲ ಯೋಚಿಸಿ ಯೋಚಿಸಿಯೂ ಬರೆಯುತ್ತಿದ್ದೇನೆ. ನನಗೆ ಒಬ್ಬರು ‘ಉಂಡೆ’ ಎಂದರು. ನಿಮಗೂ ಒಬ್ಬರು ಅನ್ನಬೇಕು. ನಮ್ಮ ಚಿಂತೆ ಮಾಡಬೇಡಿ. ಈ ದ್ವೀಪದವರು ಬೆರಳೆಣಿಕೆಯ ಮುದುಕರನ್ನು ಮಕ್ಕಳ ನಡುವೆ ಕೂರಿಸಿ ಮಾತನ್ನು ಮತ್ತೆ ಚಿಗುರಿಸಿದವರು. ಅರವತ್ತು ತುಣುಕು ನಮಗೆ ಸಾಕು, ಬರೀ ಬೈಗುಳವಾದರೂ ಸಾಕು. ರಮಿಸುವ ಮಾತನ್ನು ನಾವೇ ಹೇಗಾದರೂ ಕಂಡುಕೊಳ್ಳುತ್ತೇವೆ.

ಮೂರು ತಲೆಮಾರಿನ ನೀಲಿಯರು ನಾವು ನಿಮ್ಮ ಮಾತು ಕೇಳಿದ್ದೇವೆ, ಒಬ್ಬರೂ ನಿಮಗೆ ಉತ್ತರ ಕೊಡಲಾಗಲಿಲ್ಲ. ಇದೇ ನಮ್ಮ ಉತ್ತರ ಎಂದುಕೊಳ್ಳಿ. ನಿಮ್ಮ ತಂಗಿ ಸಿಟ್ಟಿನಿಂದ ಸುಮ್ಮನಿಲ್ಲ. ಅಕ್ಕ ಒಂದು ಮಾತೂ ಆಡಲಿಲ್ಲವಲ್ಲ ಎಂದು ಅವಳೂ ಅಲ್ಲಿ ಕಾದು ಕೂತಿರಬೇಕು. ನೀವು ಆಡಿದ್ದು ಅವಳಿಗೆ ಮುಟ್ಟಿಯೇ ಇಲ್ಲ.

ಹಸೀನಾ, ಕಾಗದ ಇಲ್ಲಿಗೆ ಮುಗಿಯಿತು. ಮೇಲಿರುವ ನಂಬರು ಬೇಡ. ಕೆಳಗೆ ನೀಲವ್ವನದು ಹುಡುಕಿ ಫೋನು ಹಚ್ಚಿ ದೊಡ್ಡವ್ವನ ಕಿವಿಗೆ ಹಿಡಿ. ಅವರ ಕೈ ಹಿಟ್ಟಾಗಿರುತ್ತದೆ.